ಕಾಲುದಾರಿ ಇರುವ ಎತ್ತರಗಳು

ಶುಕ್ರವಾರ ಸಂಜೆಯಾಯಿತೆಂದರೆ ಪುಣೆಯ ಆಫೀಸುಗಳಲ್ಲಿ ಮಾತು ಗಡಗಳ, ಅಂದರೆ ಬೆಟ್ಟದ ಮೇಲಿನ ಕೋಟೆಗಳ ಕಡೆ ತಿರುಗುತ್ತದೆ. ಮಗರಪಟ್ಟಾದ ಸೈಬರ್‌ಸಿಟಿಯಲ್ಲೂ ಅಷ್ಟೇ. ಬೆಳಗಾವಿಯ ಹುಡುಗಿ, ಕಲಬುರಗಿಯ ಹುಡುಗ, ಮೊನ್ನೆಯಷ್ಟೇ ಇಂದೋರಿನಿಂದ ಬಂದು ಸೇರಿದವನು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ವಾರ ಯಾವ ಗಡ? ಮಳೆಗಾಲ ಶುರುವಾದರೆ ಈ ಪ್ರಶ್ನೆಯ ಸದ್ದು ಇನ್ನೂ ಜೋರು. ಭಾನುವಾರ ಕತ್ತಲಿರುವಾಗಲೇ ಹಡಪಸರದ ಸೇತುವೆಯ ಕೆಳಗೆ ಬೆನ್ನಿಗೆ ಚೀಲ ಹಾಕಿಕೊಂಡವರ ಗುಂಪುಗಳು ಮಿನಿಬಸ್ಸು ಕಾಯುತ್ತ ನಿಂತಿರುತ್ತವೆ. ಬೆಂಗಳೂರಿನಲ್ಲೂ ಚಾರಣದ ಹುಚ್ಚು ಇದೆ, ನಿಜ. ಆದರೆ ಒಂದು ಊರಿಗೆ ಊರೇ, ಅಜ್ಜ ಅಜ್ಜಿಯರಿಂದ ಹಿಡಿದು ಶಾಲೆಯ ಮಕ್ಕಳವರೆಗೆ, ಸುತ್ತಲಿನ ಬೆಟ್ಟಗಳನ್ನು ಹತ್ತುವುದನ್ನು ತನ್ನ ಬದುಕಿನ ಭಾಗ ಮಾಡಿಕೊಂಡಿರುವುದನ್ನು ನಾನು ಪುಣೆಯ ಹೊರಗೆ ಕಂಡಿಲ್ಲ.

ಇಷ್ಟು ಜನ ಇಷ್ಟು ಕಾಲದಿಂದ ಮಾಡುತ್ತ ಬಂದ ಕೆಲಸವನ್ನು ಹವ್ಯಾಸ ಎಂದು ಕರೆದು ಸುಮ್ಮನಾಗಬಾರದು. ನಾಟಕಕ್ಕೆ, ಸಂಗೀತಕ್ಕೆ ವಿಮರ್ಶೆ ಇದ್ದಂತೆ ಬೆಟ್ಟ ಹತ್ತುವ ಈ ರೂಢಿಗೂ ವಿಮರ್ಶೆ ಬೇಕು. ಯಾವ ಎತ್ತರಕ್ಕೆ ನಡೆದು ಹೋಗುವುದು ಸಾರ್ಥಕ, ಯಾವುದು ಹಾಳಾಗಿದೆ, ಹಾಳು ಮಾಡಿದ್ದು ಏನು ಎಂದು ಹೇಳಲು ಒಂದು ಅಳತೆ ಬೇಕು. ಸಮುದ್ರಮಟ್ಟದಿಂದ ಎಷ್ಟು ಮೀಟರು ಎಂಬುದು ಆ ಅಳತೆ ಆಗಲಾರದು. ತುದಿಯಲ್ಲಿ ನಿಂತಾಗ ಕಾಣುವ ನೋಟವೂ ಸಾಲದು, ಏಕೆಂದರೆ ಕಾರಿನಲ್ಲಿ ಬಂದವನಿಗೂ ಅದೇ ನೋಟ ಸಿಗುತ್ತದೆ. ನಾನು ನೋಡುವುದು ಕಾಲುದಾರಿಯನ್ನು. ಅದನ್ನು ತುಳಿದು ಮಾಡಿದವರು ಯಾರು, ಈಗ ನಡೆಯುವವರು ಯಾರು, ನಡೆಯುತ್ತ ಹೋದಂತೆ ಅದು ಬೆಟ್ಟದ ಬಗ್ಗೆ ಏನು ತಿಳಿಸಿಕೊಡುತ್ತದೆ, ನಾಳೆಯೂ ಯಾರು ಬೇಕಾದರೂ ಅದರಲ್ಲಿ ಹೋಗಬಹುದೇ. ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಕೊಡುವ ಬೆಟ್ಟ 300 ಮೀಟರಿನದ್ದಾದರೂ ದೊಡ್ಡದೇ.

ಪುಣೆಯವರ ಮೊದಲ ಗಡ ಸಿಂಹಗಡ. ಊರಿಂದ ಸುಮಾರು 30 ಕಿಲೋಮೀಟರು ದೂರ, ಎತ್ತರ 1,300 ಮೀಟರಿಗೆ ತುಸು ಮೇಲೆ. ಸ್ವಾರಗೇಟಿನಿಂದ ಪಿಎಂಪಿಎಂಎಲ್ ಬಸ್ಸು ಬುಡದ ತನಕ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಎರಡು ದಾರಿ. ಒಂದು ಡಾಂಬರು ರಸ್ತೆ, ಇನ್ನೊಂದು ಆತಕರವಾಡಿಯ ಕಾಲುದಾರಿ. ಬೆಳಗಿನ ಐದೂವರೆಗೆ ಈ ಕಾಲುದಾರಿಯಲ್ಲಿ ಟಾರ್ಚುಗಳು ಮೇಲೇರುತ್ತಿರುತ್ತವೆ. ವಾರಕ್ಕೊಮ್ಮೆ ತಪ್ಪದೆ ಬರುವ ನಿವೃತ್ತರು, ಸೇನೆಗೆ ಸೇರಲು ತಯಾರಿ ನಡೆಸುವ ಹುಡುಗರು, ಮಕ್ಕಳ ಕೈ ಹಿಡಿದ ತಾಯಂದಿರು. ಪರಿಚಯವೇ ಇಲ್ಲದವರು ‘ಜಯ ಶಿವರಾಯ’ ಎಂದು ಕೂಗಿ ದಾರಿ ಬಿಟ್ಟುಕೊಡುತ್ತಾರೆ. ತಿರುವುಗಳಲ್ಲಿ ಸುತ್ತಲಿನ ವಾಡಿಗಳ ಹೆಂಗಸರು ತಾಕ, ಲಿಂಬು ಸರಬತ್ತು, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಇಟ್ಟುಕೊಂಡು ಕೂತಿರುತ್ತಾರೆ. ‘ಮಾವಶಿ, ಒಂದು ತಾಕ ಕೊಡಿ’ ಎಂದರೆ, ‘ಕೂತ್ಕೊ ಬಾಳಾ, ಬೆವರು ಆರಲಿ’ ಎಂದು ಮೊದಲು ಕೂರಿಸಿ ಆಮೇಲೆ ಕೊಡುತ್ತಾರೆ. ಹತ್ತುವವನ ದಣಿವು ಅವರಿಗೆ ಗೊತ್ತು, ಏಕೆಂದರೆ ಆ ಮಜ್ಜಿಗೆಯ ಕೊಡವನ್ನು ಅದೇ ದಾರಿಯಲ್ಲಿ ತಲೆಯ ಮೇಲೆ ಹೊತ್ತು ತಂದವರು ಅವರೇ.

ಈ ದಾರಿಯಲ್ಲಿ ಸಹ್ಯಾದ್ರಿಯ ಕಟ್ಟುವಿಕೆಯೇ ಕಾಲಿಗೆ ತಿಳಿಯುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ಆದ ಪದರಗಳು ಇವು. ಗಟ್ಟಿ ಪದರ ಬಂದಲ್ಲಿ ಕಡಿದಾದ ಬಂಡೆ, ಮೆದು ಪದರ ಬಂದಲ್ಲಿ ಮಣ್ಣಿನ ಇಳಿಜಾರು. ಹೀಗಾಗಿ ಏದುಸಿರಿನ ಏರು, ಸ್ವಲ್ಪ ಸಮ, ಮತ್ತೆ ಏರು. ಮಲೆನಾಡಿನ ಉರುಟು ಗುಡ್ಡಗಳಲ್ಲಿ ನಡೆದು ಅಭ್ಯಾಸವಾದ ಕಾಲಿಗೆ ಈ ಲಯ ಹೊಸದು. ಕೋಟೆ ಕಟ್ಟಿದವರು ಕೊನೆಯ ಗಟ್ಟಿ ಪದರವನ್ನೇ ಅರ್ಧ ಗೋಡೆಯಾಗಿ ಬಳಸಿಕೊಂಡರು ಎಂಬುದು ಪುಣೆ ದರವಾಜಾ ಮುಟ್ಟುವ ಹೊತ್ತಿಗೆ ಯಾರೂ ಹೇಳದೆ ಅರ್ಥವಾಗುತ್ತದೆ. 1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಮಾಲುಸರೆ ಬಂಡೆ ಹತ್ತಿ ಒಳಗೆ ಹೋದದ್ದು ಎಂಥ ಕೆಲಸ ಎಂಬುದೂ, ಬಂಡೆಯ ಬುಡದಿಂದ ತಲೆ ಎತ್ತಿ ನೋಡಿದವರಿಗೇ ಗೊತ್ತಾಗುವುದು.

ಮೇಲೆ ಹೋದ ಮೇಲೆ ಸಿಗುವುದು ಬೇರೆಯೇ ಸಿಂಹಗಡ. ರಜೆಯ ದಿನ ರಸ್ತೆಯ ಕೊನೆಯಲ್ಲಿ ಕಾರು, ಬೈಕುಗಳ ಸಾಲು ಕಿಲೋಮೀಟರುಗಟ್ಟಲೆ. ಘಾಟಿಯಲ್ಲಿ ಗಾಡಿಗಳು ಸಿಕ್ಕಿಕೊಂಡು, ಹತ್ತಲು ಹಿಡಿಯುವ ಹೊತ್ತು ನಡೆದು ಬಂದವನಿಗಿಂತ ಹೆಚ್ಚಾಗುತ್ತದೆ. 2022ರಲ್ಲಿ ಖಾಸಗಿ ವಾಹನ ತಡೆದು ಬ್ಯಾಟರಿ ಬಸ್ಸು ಬಿಡುವ ಪ್ರಯೋಗವೊಂದು ನಡೆಯಿತು. ಅದು ಹೆಚ್ಚು ದಿನ ಬಾಳಲಿಲ್ಲ. ಕೆಲವರು ಪಿಠಲ ಭಾಕರಿ, ಮಡಕೆಯ ಮೊಸರು ಮಾರುವವರನ್ನು ದೂರುತ್ತಾರೆ. ಆ ದೂರನ್ನು ನಾನು ಒಪ್ಪುವುದಿಲ್ಲ. ಗಡದ ಮೇಲೆ ಅನ್ನ ಬೇಯಿಸುವವರು ಇರುವುದು ತಪ್ಪಲ್ಲ, ಕೋಟೆಯೆಂದರೆ ಜನ ಬದುಕಿದ ಜಾಗ. ಕೆಡಿಸಿದ್ದು ಗಾಡಿ. ಹತ್ತು ನಿಮಿಷ ನಿಂತು ಹೋಗಲು ಬಂದವನಿಗೆ ದೇವಟಾಕೆ ಎಂಬ ಕಲ್ಲುತೊಟ್ಟಿಯ ಸಿಹಿನೀರೂ ಬೇಡ, ಕಲ್ಯಾಣ ದರವಾಜಾದ ಕಡೆಯ ಮೌನವೂ ಬೇಡ.

ಸಿಂಹಗಡದಲ್ಲಿ ಕನ್ನಡದವರು ನಿಲ್ಲಬೇಕಾದ ಜಾಗವೊಂದಿದೆ, ರಾಜಾರಾಮನ ಸಮಾಧಿ. ಶಿವಾಜಿಯ ಈ ಕಿರಿಯ ಮಗ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನು ಅವಳು ಎದುರಿಸಬೇಕಾಯಿತು. ಹೀಗೆ ಉಳಿದ ಜೀವ 1700ರಲ್ಲಿ ಈ ಬೆಟ್ಟದ ಮೇಲೆ ಕೊನೆಗೊಂಡಿತು. ಚೆನ್ನಮ್ಮನ ಬಿದನೂರಿನ ಮಳೆಕಾಡಿಗೂ ಈ ಬೋಳು ಬಸಾಲ್ಟಿಗೂ ಇರುವ ಈ ನಂಟನ್ನು ಹೇಳುವ ಮಾರ್ಗದರ್ಶಿ ನನಗೆ ಅಲ್ಲಿ ಸಿಕ್ಕಿಲ್ಲ.

ಪುಣೆಯ ಸುತ್ತಿನ ಎತ್ತರಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ರಾಜಗಡ. ರಾಯಗಡಕ್ಕೆ ಹೋಗುವ ಮುನ್ನ ಕಾಲು ಶತಮಾನದಷ್ಟು ಕಾಲ ಶಿವಾಜಿಯ ರಾಜಧಾನಿ ಇದು. ಇಲ್ಲಿಗೆ ಮೇಲಿನ ತನಕ ರಸ್ತೆ ಇಲ್ಲ. ಗುಂಜವಣೆಯಿಂದ ಹೊರಟರೆ ದಾರಿ ಮೊದಲು ಭತ್ತದ ಗದ್ದೆಗಳ ಬದುವಿನಲ್ಲಿ, ಆಮೇಲೆ ಕುರುಚಲು ಕಾಡಿನಲ್ಲಿ ಸಾಗಿ, ಕೊನೆಗೆ ಕಬ್ಬಿಣದ ಸಲಾಕೆ ಹಿಡಿದು ಬಂಡೆಯನ್ನೇ ಹತ್ತಿಸುತ್ತದೆ. ಚೋರ ದರವಾಜಾದಲ್ಲಿ ತಲೆ ಬಗ್ಗಿಸಿ ನುಗ್ಗಿದಾಗ ಎದುರಿಗೆ ಪದ್ಮಾವತಿ ಮಾಚಿ. ಗಡದ ಮುಖ್ಯ ಶಿಖರದಿಂದ ಹೊರಚಾಚಿದ, ಗೋಡೆ ಕಟ್ಟಿ ಭದ್ರ ಮಾಡಿದ ಸಮತಟ್ಟನ್ನು ಇಲ್ಲಿ ಮಾಚಿ ಎನ್ನುತ್ತಾರೆ. ರಾಜಗಡಕ್ಕೆ ಅಂಥವು ಮೂರು: ಪದ್ಮಾವತಿ, ಸುವೇಳಾ, ಸಂಜೀವನಿ. ನಡುವೆ ಎದ್ದು ನಿಂತದ್ದು ಬಾಲೆಕಿಲ್ಲಾ. ಪಾಲಿ ಊರಿನ ಕಡೆಯಿಂದ ಬರುವವರಿಗೆ ಅಗಲವಾದ ಮೆಟ್ಟಿಲುಗಳ ರಾಜಮಾರ್ಗವಿದೆ. ಎರಡನ್ನೂ ನಡೆದವನಿಗೆ ಕೋಟೆಯ ಬುದ್ಧಿ ತಿಳಿಯುತ್ತದೆ: ತನ್ನವರಿಗೆ ಸಲೀಸು, ಶತ್ರುವಿಗೆ ಉಸಿರುಗಟ್ಟುವ ಏರು, ಎರಡೂ ಒಂದೇ ಬೆಟ್ಟದಲ್ಲಿ.

ಸಂಜೀವನಿ ಮಾಚಿಯ ಉದ್ದಕ್ಕೂ ಗೋಡೆಗೆ ಇನ್ನೊಂದು ಗೋಡೆ, ಎರಡರ ನಡುವೆ ಒಬ್ಬರೇ ಇಳಿಯಬಹುದಾದ ಕಿರಿದಾದ ಮೆಟ್ಟಿಲು. ಈ ಕಟ್ಟಡದ ಜಾಣ್ಮೆ ಫೋಟೋದಲ್ಲಿ ಕಾಣುವುದಿಲ್ಲ. ಒಂದು ಬುರುಜಿನಿಂದ ಇನ್ನೊಂದಕ್ಕೆ ನಡೆದು, ಎಲ್ಲಿ ನಿಂತರೆ ಯಾವ ತಿರುವು ಕಾಣುತ್ತದೆ ಎಂದು ನೋಡಿಕೊಂಡು ಹೋದಾಗಷ್ಟೇ ಅದು ಬಿಚ್ಚಿಕೊಳ್ಳುತ್ತದೆ. ಮಾಚಿಯ ಕೊನೆಯಿಂದ ಇಳಿದು ಬೆಟ್ಟದ ಬೆನ್ನು ಹಿಡಿದರೆ ತೋರಣಾ. 1646ರ ಸುಮಾರಿಗೆ ಆದಿಲಶಾಹಿಯಿಂದ ಶಿವಾಜಿಯ ಕೈ ಸೇರಿದ, 1,400 ಮೀಟರು ಎತ್ತರದ ಗಡ. ಒಂದು ಇಡೀ ದಿನದ ಈ ನಡಿಗೆಯಲ್ಲಿ ನೆರಳು ಕಡಿಮೆ, ನೀರು ಇನ್ನೂ ಕಡಿಮೆ. ಕಾರ್ವಿ ಪೊದೆಗಳು ಏಳೆಂಟು ವರ್ಷಕ್ಕೊಮ್ಮೆ ಹೂಬಿಟ್ಟಾಗ ಇಳಿಜಾರೆಲ್ಲ ನೇರಳೆ. ಉಳಿದ ವರ್ಷಗಳಲ್ಲಿ ಅದೇ ಕಾರ್ವಿಯ ಕಡ್ಡಿಗಳಿಗೆ ಮಣ್ಣು ಮೆತ್ತಿ ಕೆಳಗಿನ ಊರುಗಳವರು ಗೋಡೆ ಕಟ್ಟಿಕೊಳ್ಳುತ್ತಾರೆ.

2025ರ ಜುಲೈನಲ್ಲಿ ಮರಾಠರ 12 ಕೋಟೆಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹನ್ನೊಂದು ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ರಾಜಗಡ ಆ ಪಟ್ಟಿಯಲ್ಲಿದೆ. ಸಂತೋಷದ ಜೊತೆಗೇ ನನಗೆ ಆತಂಕವೂ ಇದೆ. ಹೆಸರು ಬಂದ ಕಡೆ ರಸ್ತೆ ಬರುತ್ತದೆ, ರಸ್ತೆಯ ಹಿಂದೆ ಪಾರ್ಕಿಂಗು. ರೋಪ್‌ವೇ ಬೇಕೆಂಬ ಮಾತೂ ಆಗಾಗ ಏಳುತ್ತದೆ. ರಾಯಗಡದಲ್ಲಿ 1996ರಿಂದ ರೋಪ್‌ವೇ ಇದೆ. ಅದನ್ನು ಪೂರಾ ತಳ್ಳಿಹಾಕಲು ನನ್ನಿಂದಾಗದು. ಮಂಡಿನೋವಿನ ಅಜ್ಜಿಯೊಬ್ಬರು ಅದರಲ್ಲಿ ಮೇಲೆ ಹೋಗಿ, ಪಟ್ಟಾಭಿಷೇಕ ನಡೆದ ನೆಲಕ್ಕೆ ಹಣೆ ಹಚ್ಚಿದ್ದನ್ನು ಕಂಡಿದ್ದೇನೆ. ಅವರಿಗೆ ಆ ಬೆಟ್ಟ ಸಿಗಬಾರದು ಎನ್ನಲು ಯಾರಿಗೂ ಅಧಿಕಾರವಿಲ್ಲ. ರೋಪ್‌ವೇ ಬೆಟ್ಟದ ಮೈ ಕೊರೆಯುವುದು ರಸ್ತೆಗಿಂತ ಕಡಿಮೆ. ರಾಯಗಡದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಇವತ್ತಿಗೂ ಜನ ನಡೆಯುತ್ತಿದ್ದಾರೆ, ದಾರಿ ಸತ್ತಿಲ್ಲ. ಆದರೆ ಅಲ್ಲಿ ಸರಿಹೋಯಿತೆಂದು ರಾಜಗಡಕ್ಕೂ ಅದನ್ನೇ ತಂದರೆ ತಪ್ಪಾಗುತ್ತದೆ. ಬಾಲೆಕಿಲ್ಲಾದ ಏರಿನಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಕಾಯಬೇಕು. ಗಂಟೆಗೆ ನೂರಾರು ಜನ ಬಂದಿಳಿದರೆ ಆ ಜಾಗ ತಾಳುವುದಿಲ್ಲ.

ಪುಣೆಯ ಈ ರೂಢಿಯ ಬಗ್ಗೆ ನನ್ನ ಮುಖ್ಯ ತಕರಾರು ಲೆಕ್ಕದ್ದು. ‘ನನ್ನದು ಐವತ್ತು ಗಡ ಆಯಿತು’ ಎನ್ನುವವರು ಹೆಚ್ಚುತ್ತಿದ್ದಾರೆ, ಅವರಿಗಾಗಿ ವ್ಯಾಪಾರವೂ ಬೆಳೆದಿದೆ. ಶನಿವಾರ ರಾತ್ರಿ ಹೊರಟು, ಕತ್ತಲಲ್ಲಿ ಹತ್ತಿ, ಸೂರ್ಯೋದಯದ ಫೋಟೋ ತೆಗೆದು, ಮಧ್ಯಾಹ್ನಕ್ಕೆ ಇನ್ನೊಂದನ್ನೂ ಸೇರಿಸಿ ಹಿಂದಿರುಗುವ ಬ್ಯಾಚುಗಳು. ಕಾತ್ರಜದಿಂದ ಸಿಂಹಗಡದವರೆಗೆ ಗುಡ್ಡದ ಮೇಲೆ ಗುಡ್ಡ ಹತ್ತಿಳಿಯುವ ‘ಕೆ ಟು ಎಸ್’ ನಡಿಗೆ ಮೂಲದಲ್ಲಿ ಸೊಗಸಾದದ್ದು. ಬೆಳದಿಂಗಳಲ್ಲಿ ನಾಲ್ಕೈದು ಗೆಳೆಯರು ನಡೆದರೆ ಬಲಗಡೆ ಊರಿನ ದೀಪ, ಎಡಗಡೆ ಕತ್ತಲ ಕಣಿವೆ. ಅದೇ ದಾರಿಯಲ್ಲಿ ಇನ್ನೂರು ಜನ ಸ್ಪೀಕರು ಹಚ್ಚಿಕೊಂಡು ಹೊರಟಾಗ ಒಣಮಣ್ಣಿನ ಇಳಿಜಾರು ಸವೆದು ಕೊರಕಲಾಗುತ್ತದೆ, ಹಿಂದಿನವರು ಜಾರಿ ಬೀಳುತ್ತಾರೆ. ಮಳೆಗಾಲದಲ್ಲಿ ದಾರಿ ಗೊತ್ತಿಲ್ಲದ ಮುಂದಾಳಿನ ಹಿಂದೆ ಹೋಗಿ ಹಳ್ಳದಲ್ಲಿ ಸಿಕ್ಕಿಕೊಂಡವರನ್ನು ಹೊತ್ತು ತರುವುದು ಕೊನೆಗೆ ಬುಡದ ಊರಿನ ಜನವೇ. ಆ ಊರಿನವರನ್ನು ಮೊದಲೇ ಕೇಳಿದ್ದರೆ, ಒಬ್ಬರನ್ನು ದುಡ್ಡು ಕೊಟ್ಟು ಜೊತೆಗೆ ಕರೆದುಕೊಂಡಿದ್ದರೆ, ಆ ಕಷ್ಟವೇ ಇರುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಮರಾಠಿಯಲ್ಲಿ ಒಂದು ಒಳ್ಳೆಯ ಪರಂಪರೆಯೂ ಇದೆ. ಗೋ. ನೀ. ದಾಂಡೇಕರ ಅವರಂಥ ಲೇಖಕರು ಗಡ ಸುತ್ತುವುದನ್ನು ಗದ್ಯದ ವಸ್ತು ಮಾಡಿದರು. ಅವರ ‘ದುರ್ಗಭ್ರಮಣಗಾಥಾ’ ಓದಿ ಗಡಕ್ಕೆ ಹೊರಟವರು ಅನೇಕ ಮನೆಗಳಲ್ಲಿದ್ದಾರೆ. ದುರ್ಗಸಂವರ್ಧನ ಎಂದು ಹೇಳಿಕೊಂಡು ಭಾನುವಾರಗಳಲ್ಲಿ ಕಲ್ಲಿನ ಟಾಕೆಗಳ ಹೂಳು ತೆಗೆಯುವ, ಬಿದ್ದ ಮೆಟ್ಟಿಲು ಕೂಡಿಸುವ ಯುವಕರ ಗುಂಪುಗಳೂ ಇವೆ. ಗಡದ ಬಗ್ಗೆ ನಿಜವಾದ ಪ್ರೀತಿ ಅಲ್ಲಿ ಕಾಣುತ್ತದೆ. ಆ ಪ್ರೀತಿ ಇನ್ನೂ ಸ್ವಲ್ಪ ಅಗಲವಾಗಲಿ ಎಂಬುದು ನನ್ನ ಆಸೆ. ಈ ಕೋಟೆಗಳಲ್ಲಿ ಎಷ್ಟೋ ಕೋಟೆಗಳು ಶಿವಾಜಿಗೂ ಮೊದಲೇ ಇದ್ದವು, ಯಾದವರ, ಬಹಮನಿಗಳ, ವಿಜಯಪುರದ ಆದಿಲಶಾಹಿಗಳ ಕಾಲ ಕಂಡವು. ಒಂದೇ ಕಥೆ ಹೇಳಿ ಇಳಿಸಿಬಿಟ್ಟರೆ ಕಲ್ಲಿನಲ್ಲಿರುವ ಉಳಿದ ಕಥೆಗಳು ಕೇಳುವವರಿಲ್ಲದೆ ಹೋಗುತ್ತವೆ.

ಮಗರಪಟ್ಟಾದಿಂದ ಹತ್ತಿರದ ಎತ್ತರಗಳು ಮಾತ್ರ ಇನ್ನೊಂದು ದಿಕ್ಕಿನಲ್ಲಿವೆ, ಅಲ್ಲಿಗೆ ಹೋಗುವವರು ಕಡಿಮೆ. ಈ ಟೌನ್‌ಶಿಪ್ ಎದ್ದಿರುವುದೇ ಮಗರ ಮನೆತನದ ರೈತರು ತಮ್ಮ ಹೊಲಗಳನ್ನು ಒಟ್ಟುಗೂಡಿಸಿದ 400 ಎಕರೆಯಷ್ಟು ನೆಲದ ಮೇಲೆ. ಇಲ್ಲಿಂದ ಸಾಸವಡದ ರಸ್ತೆ ಹಿಡಿದರೆ ದಿವೆ ಘಾಟು. ಆಷಾಢ ಏಕಾದಶಿಗೆ ಮುಂಚೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹೂವಿನಿಂದ ತುಕಾರಾಮರ ಪಾಲಖಿಯೂ ಹಡಪಸರದ ತನಕ ಬಂದು ಇಲ್ಲಿ ಬೇರೆಯಾಗುತ್ತವೆ. ತುಕಾರಾಮರದ್ದು ಸೋಲಾಪುರ ರಸ್ತೆಯಲ್ಲಿ ಲೋಣಿ ಕಾಳಭೋರಿಗೆ, ಜ್ಞಾನೇಶ್ವರರದ್ದು ದಿವೆ ಘಾಟು ಹತ್ತಿ ಸಾಸವಡಕ್ಕೆ. ರಥಕ್ಕೆ ಹೆಚ್ಚಿನ ಜೋಡಿ ಎತ್ತು ಕಟ್ಟುತ್ತಾರೆ. ಲಕ್ಷಗಟ್ಟಲೆ ವಾರಕರಿಗಳು ತಾಳ ಹಿಡಿದು ಆ ತಿರುವುಗಳನ್ನು ಹತ್ತುವಾಗ ಮೇಲೆ ಹೋಗಿ ನೋಟ ನೋಡಬೇಕೆಂಬ ಯೋಚನೆ ಯಾರಲ್ಲೂ ಇರುವುದಿಲ್ಲ. ಘಾಟು ಅವರಿಗೆ ಪಂಢರಪುರದ ದಾರಿಯ ಒಂದು ದಿನ, ಅಷ್ಟೇ. ನಡೆಯುವುದನ್ನು ಇಷ್ಟು ಸಹಜವಾಗಿ, ಇಷ್ಟು ದೊಡ್ಡ ಸಂಖ್ಯೆಯಲ್ಲಿ ಉಳಿಸಿಕೊಂಡ ನಾಡು ಇದು ಎಂಬುದು ಪುಣೆಯ ಚಾರಣಿಗರಿಗೇ ಎಷ್ಟೋ ಸಲ ಮರೆತುಹೋಗಿರುತ್ತದೆ.

ಘಾಟಿನ ಮೇಲೆ ಸೋನೋರಿಯ ಹತ್ತಿರ ಮಲ್ಹಾರಗಡ ಇದೆ. ಮರಾಠರು ಕಟ್ಟಿದ ಕೋಟೆಗಳಲ್ಲಿ ಕೊನೆಯದೆಂದು ಹೆಸರಾದದ್ದು. 1757ರಿಂದ 1760ರ ಸುಮಾರಿಗೆ, ಪೇಶ್ವೆಗಳ ತೋಪಖಾನೆ ನೋಡಿಕೊಳ್ಳುತ್ತಿದ್ದ ಪಾನಸೆ ಮನೆತನದವರು ಕಟ್ಟಿಸಿದ್ದು. ಪುಟ್ಟ ಕೋಟೆ, ಅರ್ಧ ಗಂಟೆಯ ಏರು. ಸಂಜೆ ಹೋದರೆ ದನ ಹೊಡೆದುಕೊಂಡು ಇಳಿಯುವವರು ಬಿಟ್ಟರೆ ಬೇರೆ ಯಾರೂ ಸಿಗುವುದಿಲ್ಲ. ಅದರಾಚೆ ಜೇಜುರಿ. ಅಲ್ಲಿ ಎಲ್ಲರೂ ಹತ್ತುವುದು ಭಂಡಾರದಿಂದ ಹಳದಿಯಾದ ಮೆಟ್ಟಿಲುಗಳ ಗಡಕೋಟಕ್ಕೆ. ನಾನು ಹೋಗಿ ಎನ್ನುವುದು ಅದಕ್ಕಿಂತ ಹಳೆಯ, ಅದಕ್ಕಿಂತ ಎತ್ತರದ ಕಡೇಪಠಾರಕ್ಕೆ. ಖಂಡೋಬನ ಹಳೆಯ ನೆಲೆ ಅದು. ಬಳ್ಳಾರಿ, ಹಾವೇರಿ, ಬೀದರ ಕಡೆಯ ಕನ್ನಡಿಗರಿಗೆ ಇವನು ಮೈಲಾರಲಿಂಗ. ಗೊರವರ ಜಾಗದಲ್ಲಿ ಇಲ್ಲಿ ವಾಘ್ಯಾ ಮುರಳಿಯರು. ಏಳುಕೋಟಿಯ ಕೂಗು ಎರಡೂ ಕಡೆ ಇದೆ. ದೇವರಗುಡ್ಡದ ಹತ್ತಿರದ ಊರಿನ ಸಹೋದ್ಯೋಗಿಯೊಬ್ಬರು ಈ ದಾರಿಯಲ್ಲಿ ಬಂದಾಗ ಚಪ್ಪಲಿ ಬಿಟ್ಟು ಹತ್ತಿದರು. ‘ನಮ್ಮ ಮನಿ ದೇವ್ರು ಸರ್, ಇಲ್ಲಿ ಟ್ರೆಕ್ಕಿಂಗ್ ಅನ್ನಬ್ಯಾಡ್ರಿ’ ಎಂದರು. ಕಡೇಪಠಾರದ ದಾರಿಗೆ ನಾನು ಕೊಡುವ ಬೆಲೆಗೆ ಆ ಮಾತೂ ಒಂದು ಕಾರಣ. ಹರಕೆ ಹೊತ್ತವರೂ ಸುಮ್ಮನೆ ನಡೆಯಲು ಬಂದವರೂ ಒಂದೇ ಮೆಟ್ಟಿಲಲ್ಲಿ ಕೂತು ನೀರು ಕುಡಿಯುತ್ತಾರೆ.

ಸಮುದ್ರದೊಳಕ್ಕೆ ಚಾಚಿದ ಗುಡ್ಡಗಳ ವಿಷಯಕ್ಕೆ ಬಂದರೆ ಪುಣೆಯವರು ತಾಮ್ಹಿಣಿ ಘಾಟು ಇಳಿದು ಕೊಂಕಣಕ್ಕೆ ಹೋಗಬೇಕು. ರತ್ನಾಗಿರಿಯ ರತ್ನದುರ್ಗ ಮೂರು ಕಡೆ ಕಡಲಿಟ್ಟುಕೊಂಡು ಕುದುರೆಲಾಳದ ಆಕಾರದಲ್ಲಿ ಕೂತಿದೆ, ಚೆಂದವಿದೆ. ಆದರೆ ನಡೆಯುವವನಿಗೆ ಹೇಳಿಮಾಡಿಸಿದ್ದು ಸಾವಿತ್ರಿ ನದಿ ಕಡಲು ಸೇರುವಲ್ಲಿರುವ ಹರಿಹರೇಶ್ವರ. ಅಲ್ಲಿ ಪ್ರದಕ್ಷಿಣೆ ಹಾಕುವುದು ಗರ್ಭಗುಡಿಗಲ್ಲ, ಇಡೀ ಗುಡ್ಡಕ್ಕೆ. ದೇವಸ್ಥಾನದ ಹಿಂದಿನಿಂದ ಮೆಟ್ಟಿಲು ಹತ್ತಿ, ಬಂಡೆಯ ಸೀಳಿನ ನಡುವೆ ಇಳಿದರೆ ಅಲೆ ಕೊರೆದ ಕಲ್ಲಿನ ಹಾಸು. ಉಪ್ಪುನೀರು ತಿಂದ ಬಂಡೆಯ ಗೋಡೆ ಜೇನುಹಟ್ಟಿನಂತೆ ತೂತುತೂತು. ಬಲಕ್ಕೆ ಗುಡ್ಡ, ಎಡಕ್ಕೆ ಅಲೆ, ಹಾಗೇ ಸುತ್ತಿ ಬಂದರೆ ಮರಳಿನ ದಂಡೆ. ಇಳಿತ ಇದ್ದಾಗಷ್ಟೇ ಈ ದಾರಿ ಇರುತ್ತದೆ. ಭರತದ ಹೊತ್ತಿನಲ್ಲಿ, ಮಳೆಗಾಲದಲ್ಲಿ ಹೋಗಕೂಡದು. ಎಚ್ಚರಿಕೆ ಮೀರಿ ಹೋಗಿ ಅಲೆಗೆ ಸಿಕ್ಕವರಿದ್ದಾರೆ. ಕಡಲಿನ ವೇಳೆ ಕೇಳಿಕೊಂಡು ಹೊರಡಬೇಕಾದ ನಡಿಗೆ ಇದು, ಹೊರಡುವ ಮುನ್ನ ಊರಿನವರ ಮಾತು ಕೇಳಲೇಬೇಕು. ನಾನು ಬಲ್ಲ ಕಡಲಂಚಿನ ದಾರಿಗಳಲ್ಲಿ ಇದಕ್ಕೆ ಸರಿಸಾಟಿ ಇಲ್ಲ.

ಇಂಗ್ಲೆಂಡಿನಲ್ಲಿ ಇಂಥ ಗುಡ್ಡ, ಇಂಥ ಕಡಲಂಚುಗಳಿಗೆ ನಡೆಯುವುದು ಜನಜೀವನದ ಭಾಗವೇ ಆಗಿದೆ. ಆ ದೇಶದ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್ 978 ಮೀಟರು, ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಕಡಲಿಗೆ ಕಡಿದಾಗಿ ನಿಂತ ಬೀಚಿ ಹೆಡ್ 162 ಮೀಟರು. ಆದರೂ ಅಲ್ಲಿಯ ಜನ ಇವುಗಳಿಗಾಗಿ ಹೋರಾಡಿದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಿನ ನೂರಾರು ಕಾರ್ಮಿಕ ಯುವಕ ಯುವತಿಯರು, ಬೇಟೆಗಾಗಿ ಜಮೀನುದಾರರು ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಬೇಕೆಂದೇ ನುಗ್ಗಿದರು. ಐವರು ಜೈಲಿಗೆ ಹೋದರು. 1949ರ ಕಾನೂನು ರಾಷ್ಟ್ರೀಯ ಉದ್ಯಾನಗಳನ್ನು ತಂದಿತು, ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ಗುರುತಿಸುವುದನ್ನು ಕಡ್ಡಾಯ ಮಾಡಿತು. ಖಾಸಗಿ ಹೊಲದ ನಡುವೆ ಹೋದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದು. 1965ರಿಂದ ನ್ಯಾಷನಲ್ ಟ್ರಸ್ಟ್ ಜನರಿಂದ ಹಣ ಕೂಡಿಸಿ ಕಡಲಂಚಿನ ನೆಲವನ್ನು ಕೊಂಡು ಕಾಯುತ್ತ ಬಂದಿದೆ. ನೈಋತ್ಯ ಮೂಲೆಯಲ್ಲಿ, ಕಳ್ಳಸಾಗಣೆ ತಡೆಯಲು ಕಾವಲುಗಾರರು ತುಳಿದ ದಾರಿಯೇ ಇವತ್ತು 630 ಮೈಲಿಗಳ ಜನಪ್ರಿಯ ನಡಿಗೆಯ ಹಾದಿ.

ವೇನ್‌ರೈಟ್ ಎಂಬ ನಗರಸಭೆಯ ಲೆಕ್ಕಪತ್ರದ ನೌಕರ, ಲೇಕ್ ಡಿಸ್ಟ್ರಿಕ್ಟಿನ 214 ಗುಡ್ಡಗಳನ್ನು ವಾರಾಂತ್ಯಗಳಲ್ಲಿ ಹತ್ತಿ, 1955ರಿಂದ 1966ರ ನಡುವೆ ಕೈಬರಹ, ಕೈಚಿತ್ರಗಳ ಏಳು ಸಂಪುಟ ತಂದ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಹೋಗುತ್ತಿದ್ದದ್ದು ಬಸ್ಸಿನಲ್ಲಿ. ತೋರಣಾದ ಬುಡದ ವೇಲ್ಹೆಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಕೂತಾಗಲೆಲ್ಲ ನನಗೆ ಅವನ ನೆನಪು. ಗುಂಪಿನ ಮಿನಿಬಸ್ಸಿಗಿಂತ ಎಸ್‌ಟಿ ಮೇಲು, ಅದರಲ್ಲಿ ಬುಡದ ಊರಿನವರೇ ಪಕ್ಕದಲ್ಲಿರುತ್ತಾರೆ, ದಾರಿಯ ಸ್ಥಿತಿ ಅವರಿಂದಲೇ ತಿಳಿಯುತ್ತದೆ.

ಇಂಗ್ಲೆಂಡಿನಿಂದ ನಾವು ತರಬೇಕಾದದ್ದು ದಾರಿಯ ದಾಖಲೆಯನ್ನು. ಹಾಗೆ ನೋಡಿದರೆ ಅದೂ ನಮ್ಮಲ್ಲಿಲ್ಲದ್ದೇನಲ್ಲ. ಕರ್ನಾಟಕದ ಗ್ರಾಮನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿಗಳ ಗುರುತಿದೆ. ‘ನಕಾಶೆ ಕಂಡ ದಾರಿ’ ಮುಚ್ಚಿದ್ದಾರೆಂದು ತಹಶೀಲ್ದಾರರಿಗೆ ಅರ್ಜಿ ಕೊಡುವ ರೈತರು ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಮಹಾರಾಷ್ಟ್ರದಲ್ಲಿ ಅವಕ್ಕೆ ಪಾಣಂದ, ಶಿವರಸ್ತೆ ಎನ್ನುತ್ತಾರೆ. ಹೊಲಕ್ಕೆ ಹೋಗುವ ದಾರಿಗೆ ಕೊಟ್ಟ ಈ ಮಾನ್ಯತೆಯನ್ನು ಬೆಟ್ಟಕ್ಕೆ, ಕಡಲಿಗೆ ಹೋಗುವ ದಾರಿಗೂ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಈಗ ಏನಾಗುತ್ತಿದೆ ಎಂದರೆ, ಗುಡ್ಡದ ಬುಡದ ನೆಲ ಫಾರ್ಮ್‌ಹೌಸಿಗೆ ಮಾರಾಟವಾದ ಮಾರನೆಯ ದಿನವೇ ತಂತಿಬೇಲಿ ಬರುತ್ತದೆ. ತಲೆಮಾರುಗಳಿಂದ ನಡೆದ ದಾರಿ ಅಲ್ಲಿಗೆ ಮುಗಿಯುತ್ತದೆ. ಪುಣೆಯ ನಡುವಿನ ವೇತಾಳ ಟೇಕಡಿಗೆ ರಸ್ತೆ, ಸುರಂಗದ ಯೋಜನೆ ಬಂದಾಗ 2023ರಲ್ಲಿ ಊರಿನವರು ಸಾಲುಗಟ್ಟಿ ಬೀದಿಗಿಳಿದರು. ಬೆಳಗ್ಗೆ ನಡೆಯುವ ಗುಡ್ಡಕ್ಕಾಗಿ ಒಂದು ನಗರ ಹಾಗೆ ಎದ್ದದ್ದು ನನಗೆ ದೊಡ್ಡ ವಿಷಯ.

ಕರ್ನಾಟಕದಲ್ಲಿ ನಾವು ಎರಡು ಅತಿಗಳ ನಡುವೆ ಸಿಕ್ಕಿದ್ದೇವೆ. ಮುಳ್ಳಯ್ಯನಗಿರಿಗೆ ಸರ್ಪದಾರಿ ಎಂಬ ಸುಂದರ ಕಾಲುದಾರಿ ಇದೆ, ಆದರೆ ಹೆಚ್ಚಿನವರು ಹೋಗುವುದು ಗುಡಿಯ ಮೆಟ್ಟಿಲ ಬುಡದ ತನಕ ಕಾರಿನಲ್ಲಿ. ಇನ್ನೊಂದು ಕಡೆ ಕುಮಾರ ಪರ್ವತ. 2024ರ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಅಲ್ಲಿ ಒಮ್ಮೆಲೇ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಸಂಖ್ಯೆಗೆ ಮಿತಿ ಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ರಾಜಗಡಕ್ಕೂ ಅಂಥ ಮಿತಿ ಬಂದರೆ ಒಳ್ಳೆಯದೇ. ಆದರೆ ಮೊಬೈಲಿನಲ್ಲಿ ಮೊದಲು ಒತ್ತಿದ ಬೆಂಗಳೂರಿನವರಿಗೆ ಜಾಗ ಸಿಕ್ಕಿ, ಸುಬ್ರಹ್ಮಣ್ಯದ, ಸೋಮವಾರಪೇಟೆಯ ಹುಡುಗರಿಗೆ ತಮ್ಮ ಬೆಟ್ಟವೇ ಸಿಗದೆ ಹೋದರೆ ಅದು ನ್ಯಾಯವಲ್ಲ. ಆ ದಾರಿಯ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರು ಉಂಡು ಮೇಲೆ ಹೋದ ತಲೆಮಾರುಗಳಿಗೆ ಬೆಟ್ಟ ಕಲಿಸಿದ್ದು ಆ ಮನೆ. ಕನ್ನಡದಲ್ಲಿ ಬೆಟ್ಟ ನಡೆಯುವುದನ್ನು ಕಲಿಸಿದ ಪುಸ್ತಕ ಯಾವುದೆಂದು ಕೇಳಿದರೆ ನಾನು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎನ್ನುತ್ತೇನೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟ ಸುತ್ತಿದ ಆ ಮೇಷ್ಟ್ರಿಗೆ ತುದಿ ಮುಟ್ಟುವ ಅವಸರವಿರಲಿಲ್ಲ. ದಾರಿಬದಿಯ ಗಿಡದ ಮುಂದೆ ಕೂರುವ ಆ ಪುರುಸೊತ್ತು ಇವತ್ತಿನ ಬ್ಯಾಚುಗಳಿಗೆ ತೀರಾ ಬೇಕಾದದ್ದು.

ನಮ್ಮ ಕರಾವಳಿಯ ಚಾಚುಗಳ ಸ್ಥಿತಿ ಇನ್ನೂ ಕಷ್ಟದ್ದು. ಮುರ್ಡೇಶ್ವರದ ಕಂದುಕಗಿರಿಯ ಮೇಲೆ 123 ಅಡಿಯ ಶಿವ ಕೂತ ಮೇಲೆ ಗುಡ್ಡದ ಕಡೆ ಕಣ್ಣು ಹೋಗುವುದೇ ಇಲ್ಲ. ಬೈಂದೂರಿನ ಒತ್ತಿನೆಣೆಯಿಂದ ಸೂರ್ಯಾಸ್ತ ನೋಡುವುದು ಇವತ್ತಿಗೂ ಅದ್ಭುತವೇ, ಆದರೆ ಹೆದ್ದಾರಿಯ ಅಗಲೀಕರಣಕ್ಕೆ ಗುಡ್ಡ ಕಡಿದ ಮೇಲೆ ಮಳೆಗೆ ಮಣ್ಣು ಜಾರಿದ್ದನ್ನು ಆ ಕಡೆಯವರು ಕಂಡಿದ್ದಾರೆ. ಅದೇ ಹೆದ್ದಾರಿಯಲ್ಲಿ ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಕಾಸರಗೋಡಿನ ಬೇಕಲ ಮಾತ್ರ ಚೆನ್ನಾಗಿ ಉಳಿದಿದೆ. ಕೆಳದಿಯ ಶಿವಪ್ಪನಾಯಕ ಕಡಲ ಚಾಚಿನ ಮೇಲೆ 40 ಎಕರೆಯಷ್ಟು ಅಗಲಕ್ಕೆ ಕಟ್ಟಿಸಿದ ಕೋಟೆ ಅದು. ಗೋಡೆಯ ಗುಂಟ ಸುತ್ತು ಬಂದರೆ ಅಲೆಯ ಸದ್ದು ಒಂದೊಂದು ಬುರುಜಿನಲ್ಲಿ ಒಂದೊಂದು ಬಗೆ. ಟಿಕೆಟ್ಟಿನ ವೇಳೆ ಮುಗಿದೊಡನೆ ಹೊರಗೆ ಬರಬೇಕೆಂಬುದೊಂದೇ ಕೊರತೆ.

ಗೋಕರ್ಣದಲ್ಲಿ ಮಾತ್ರ ದಾರಿ ಇನ್ನೂ ಜೀವಂತ. ಊರಿನ ದಂಡೆಯಿಂದ ಗುಡ್ಡ ಹತ್ತಿಳಿದರೆ ಕುಡ್ಲೆ, ಮತ್ತೆ ಹತ್ತಿಳಿದರೆ ಓಂ, ಅಲ್ಲಿಂದ ಹಾಫ್‌ಮೂನ್, ಪ್ಯಾರಡೈಸ್. ಕೆಂಪು ಮುರಕಲ್ಲಿನ ನೆತ್ತಿ, ಕೆಳಗೆ ಕಪ್ಪು ಬಂಡೆ, ಬಂಡೆಯ ಮೇಲೆ ಗಾಳ ಹಿಡಿದು ಕೂತವರು. ಮೀನುಗಾರರೂ ಸೊಪ್ಪು ಕಟ್ಟಿಗೆಗೆ ಹೋದವರೂ ತುಳಿದು ಮಾಡಿದ ದಾರಿಯೇ ಇದು. ರೆಸಾರ್ಟುಗಳ ಗೋಡೆ ಅಲ್ಲಲ್ಲಿ ಅದನ್ನು ಒತ್ತುತ್ತಿದೆ. ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಕಾರವಾರದಿಂದ ಉಳ್ಳಾಲದ ತನಕ ಇರುವ ಇಂಥ ತುಂಡು ತುಂಡು ದಾರಿಗಳನ್ನು ಗ್ರಾಮನಕ್ಷೆ ಹಿಡಿದು ಹುಡುಕಿ, ಪಂಚಾಯಿತಿಯ ಕಡತದಲ್ಲಿ ಸಾರ್ವಜನಿಕ ದಾರಿ ಎಂದು ಬರೆಸಬೇಕು. ಗೋಡೆ ಪೂರ್ತಿಯಾಗುವ ಮುನ್ನ, ಗೋಕರ್ಣದಿಂದ ಬೇಲೇಕಾನಿನವರೆಗಿನ ಈ ಒಂದು ದಾರಿಯಿಂದ ಕೆಲಸ ಶುರುಮಾಡಬಹುದು.